ದೀಪ ಹಿಡಿದು ಮನೆ ಮನೆಗೆ ಹೋಗುವ ಮಕ್ಕಳ ಸುರಕ್ಷತೆ



ದೀಪಾವಳಿ ಸಮೀಪಿಸಿದೆ. ನಮ್ಮ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ದಿನಗಳೂ ಇನ್ನು ದೂರವಿಲ್ಲ. ಈ ಅತಿಥಿಗಳಿಗಾಗಿ ಊರವರು ಎಚ್ಚರ ತೋರುತ್ತ ಬಂದಿದ್ದಾರೆ; 2024ರಲ್ಲಿ ಈ ಕೆರೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಹಕ್ಕಿಗಳ ವಿಷಯದಲ್ಲಿ ಇಷ್ಟು ಕಾಳಜಿ ವಹಿಸುವ ನಾವು, ಅದೇ ದಿನಗಳಲ್ಲಿ ಕತ್ತಲಲ್ಲಿ ದೀಪ ಹಿಡಿದು ಮನೆ ಮನೆಗೆ ಹೋಗುವ ನಮ್ಮ ಮಕ್ಕಳ ವಿಷಯದಲ್ಲಿಯೂ ಅಷ್ಟೇ ಎಚ್ಚರದಿಂದಿದ್ದೇವೆಯೇ ಎಂಬ ಪ್ರಶ್ನೆಯನ್ನು ಈ ಸಂಚಿಕೆಯಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಭಾಗದಲ್ಲಿ ದೀಪಾವಳಿಯೆಂದರೆ ಮಕ್ಕಳ ಹಬ್ಬ. ದನಗಾಹಿ ಹುಡುಗರು ಆಣಿ-ಪೀಣಿಯ ದೀಪ ಹಿಡಿದು, ಹಾಡು ಹೇಳುತ್ತ ಮನೆ ಮನೆಗೆ ಹೋಗಿ ದನಕರುಗಳಿಗೆ ದೀಪ ಬೆಳಗುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆದು ಕಾಣಿಕೆ ಕೊಟ್ಟು ಕಳಿಸುತ್ತಾರೆ. ಲಂಬಾಣಿ ತಾಂಡಾಗಳಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ಅಮಾವಾಸ್ಯೆಯ ರಾತ್ರಿ ದೀಪ ಹಿಡಿದು ‘ಮೇರಾ’ ಹಾಡುತ್ತ ಮನೆ ಮನೆಗೆ ಹೋಗಿ ಹಿರಿಯರಿಗೆ ಶುಭ ಕೋರುತ್ತಾರೆ. ಕೊಡುವ ಮನಸ್ಸನ್ನೂ ಬೇಡುವ ವಿನಯವನ್ನೂ ಮಕ್ಕಳಿಗೆ ಕಲಿಸುವ ಇಂಥ ಆಚರಣೆಗಳು ನಿಲ್ಲಬಾರದು. ಆದರೆ ಇವು ನಡೆಯುವುದು ಚಂದ್ರನಿಲ್ಲದ ಇರುಳಿನಲ್ಲಿ, ಮಕ್ಕಳ ಕೈಯಲ್ಲಿರುವುದು ಉರಿಯುವ ಬೆಂಕಿ ಎಂಬುದನ್ನು ಮರೆಯಬಾರದು.

ನಮ್ಮ ಭಯ ಒಂದು, ಅಪಾಯ ಇನ್ನೊಂದು

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಭಕ್ತ ಮನೆತನಗಳ ಮಕ್ಕಳು ಅಕ್ಟೋಬರ್ 31ರ ಸಂಜೆ ‘ಹ್ಯಾಲೋವೀನ್’ ಎಂಬ ಹಬ್ಬಕ್ಕೆ ವೇಷ ಧರಿಸಿ ಮನೆ ಮನೆಗೆ ಹೋಗಿ ಸಿಹಿ ಬೇಡುತ್ತಾರೆ. ಅಪರಿಚಿತರು ಕೊಟ್ಟ ಮಿಠಾಯಿಯಲ್ಲಿ ವಿಷವಿದ್ದೀತೇ ಎಂಬುದು ಅಲ್ಲಿನ ತಂದೆ-ತಾಯಂದಿರ ಬಹುಕಾಲದ ಭಯ. ಆದರೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರವು 1997ರಲ್ಲಿ ಪ್ರಕಟಿಸಿದ ವರದಿ ಬೇರೆಯೇ ಅಪಾಯವನ್ನು ತೋರಿಸಿತು. 1975ರಿಂದ 1996ರವರೆಗಿನ ಲೆಕ್ಕದಂತೆ, ಆ ಹಬ್ಬದ ಸಂಜೆ 4ರಿಂದ ರಾತ್ರಿ 10 ಗಂಟೆಯೊಳಗೆ ರಸ್ತೆಯಲ್ಲಿ ನಡೆದುಹೋಗುತ್ತ ವಾಹನಕ್ಕೆ ಸಿಲುಕಿ ಸಾವನ್ನಪ್ಪಿದ 5ರಿಂದ 14 ವರ್ಷದ ಮಕ್ಕಳ ಸಂಖ್ಯೆ ಇತರ ಸಂಜೆಗಳಿಗಿಂತ ಸುಮಾರು 4 ಪಟ್ಟು ಹೆಚ್ಚಾಗಿತ್ತು. ಭಯವಿದ್ದದ್ದು ಮಿಠಾಯಿಯ ಮೇಲೆ, ಅಪಾಯವಿದ್ದದ್ದು ರಸ್ತೆಯ ಮೇಲೆ.

ನಮ್ಮಲ್ಲಿಯೂ ಹೀಗೆಯೇ. ಮಗುವಿಗೆ ದೃಷ್ಟಿ ತಾಗೀತು, ಯಾರೋ ಕೊಟ್ಟ ಉಂಡೆ ತಿಂದು ಹೊಟ್ಟೆ ಕೆಟ್ಟೀತು ಎಂದು ಚಿಂತಿಸುತ್ತೇವೆ. ಆ ರಾತ್ರಿಯ ನಿಜವಾದ ಅಪಾಯಗಳು ಮೂರು: ಬೆಂಕಿ, ವಾಹನ, ಮತ್ತು ಕತ್ತಲ ಹಾದಿಯ ಹಾವು. ಮೂರಕ್ಕೂ ಮೊದಲ ಮದ್ದು ಒಂದೇ. ಪ್ರತಿ ಗುಂಪಿನ ಜೊತೆಗೆ ಒಬ್ಬ ಜವಾಬ್ದಾರಿಯುತ ಹಿರಿಯರು ನಡೆಯಬೇಕು.

ಹೊರಡುವ ಮುನ್ನ

ಮಕ್ಕಳಿಗೆ ಮೈಗೆ ಹೊಂದುವ ಹತ್ತಿಯ ಬಟ್ಟೆ ತೊಡಿಸಿರಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಜೋಲಾಡುವ ದುಪಟ್ಟಾ, ಸೆರಗು ಬೇಡ. ಹೆಣ್ಣುಮಕ್ಕಳ ಜಡೆ ಬಿಗಿಯಾಗಿ ಕಟ್ಟಿರಲಿ. ಕಾಲಿಗೆ ಮುಚ್ಚಿದ ಪಾದರಕ್ಷೆ ಇರಲಿ. ತೀರ ಚಿಕ್ಕವರ ಕೈಗೆ ದೀಪ ಕೊಡದೆ, ಕಾಣಿಕೆಯ ಬುಟ್ಟಿ ಕೊಡಿರಿ. ಅವರ ಉತ್ಸಾಹಕ್ಕೆ ಅಷ್ಟು ಸಾಕು.

ಎಣ್ಣೆ ಎರೆಯುವ ಗೃಹಿಣಿಯರಲ್ಲಿ ಒಂದು ವಿಶೇಷ ವಿನಂತಿ. ಮಗು ಕೈಯಲ್ಲಿ ಹಿಡಿದಿರುವ ಉರಿಯುವ ದೀಪಕ್ಕೆ ಎಂದಿಗೂ ಎಣ್ಣೆ ಎರೆಯಬೇಡಿರಿ. ಮೊದಲು ದೀಪವನ್ನು ಕಟ್ಟೆಯ ಮೇಲೆ ಇರಿಸಲು ಹೇಳಿರಿ, ಮಗು ಒಂದು ಹೆಜ್ಜೆ ಹಿಂದೆ ಸರಿಯಲಿ, ಅನಂತರ ನಿಧಾನವಾಗಿ ಸ್ವಲ್ಪವೇ ಎರೆಯಿರಿ. ಸೀಮೆಎಣ್ಣೆಯಂತೂ ಸರ್ವಥಾ ಕೂಡದು. ಎಣ್ಣೆ ಚೆಲ್ಲಿ ಕೈ ಸುಟ್ಟುಕೊಂಡು ಬಂದ ಮಕ್ಕಳನ್ನು ನಾನು ನೋಡಿದ್ದೇನೆ.

ಗದಗ, ಲಕ್ಷ್ಮೇಶ್ವರಗಳ ಕಡೆಗೆ ವಾಹನಗಳು ವೇಗವಾಗಿ ಸಾಗುವ ದೊಡ್ಡ ರಸ್ತೆಗಳನ್ನು ಮಕ್ಕಳು ತಾವಾಗಿಯೇ ದಾಟಬಾರದು. ಹಿರಿಯರ ಕೈಯಲ್ಲಿ ಬ್ಯಾಟರಿ ಇರಲಿ. ದೀಪದ ಬೆಳಕು ಮಗುವಿನ ಮುಖಕ್ಕೆ ಬೀಳುತ್ತದೆಯೇ ಹೊರತು ನೆಲಕ್ಕಲ್ಲ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು ಬೇಡ. ಮಗುವನ್ನು ನಡೆಸದೆ, ಕಚ್ಚಿದ ಅಂಗ ಅಲುಗಾಡದಂತೆ ಇರಿಸಿ, ನೇರವಾಗಿ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೇ ಔಷಧಿ.

ಸುಟ್ಟಾಗ ಮೊದಲು ನೀರು

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ. ವೃತ್ತಿಯ ಆರಂಭದ ವರ್ಷಗಳಲ್ಲಿ, ಒಂದು ದೀಪಾವಳಿಯ ರಾತ್ರಿ, ಎಂಟು ವರ್ಷದ ಬಾಲಕನೊಬ್ಬನನ್ನು ಕರೆತಂದರು. ದೀಪದ ಬಿಸಿ ಎಣ್ಣೆ ಬಲ ಅಂಗೈಯ ಮೇಲೆ ಚೆಲ್ಲಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ನೆರೆಯವರು ಹಲ್ಲುಪುಡಿ ಹಚ್ಚಿದ್ದರು. ನಾನು ಅದನ್ನು ಒರೆಸಿ, ಔಷಧಿಯ ತುಪ್ಪ ಲೇಪಿಸಿ, ಕಟ್ಟು ಕಟ್ಟಿ ಮನೆಗೆ ಕಳಿಸಿದೆ. ಹನಿ ನೀರನ್ನೂ ಹಾಕಲಿಲ್ಲ, ಆಸ್ಪತ್ರೆಗೆ ಹೋಗೆಂದೂ ಹೇಳಲಿಲ್ಲ. ಗಾಯ ಮಾಯಿತು, ಆದರೆ ಎರಡು ಬೆರಳುಗಳು ಮಡಚಿಕೊಂಡೇ ಉಳಿದವು. ಇಂದು ಆತ ಬೆಳೆದ ಮಕ್ಕಳ ತಂದೆ. ಜಾತ್ರೆಯಲ್ಲಿ ಎದುರಾದಾಗ ಕೈ ಮುಗಿಯುತ್ತಾನೆ; ಆ ಎರಡು ಬೆರಳುಗಳು ಜೋಡಿಯಾಗುವುದಿಲ್ಲ. ಅಂದು ನೀರು ಹಾಕಿದ್ದರೆ ಕೈ ಪೂರ್ಣ ಉಳಿಯುತ್ತಿತ್ತೆಂದು ಖಚಿತವಾಗಿ ಹೇಳಲಾರೆ. ಮಾಡಬೇಕಾದುದನ್ನು ಮಾಡಲಿಲ್ಲ ಎಂಬುದು ಮಾತ್ರ ಖಚಿತ.

ನಾನು ಹಾಗೆ ಮಾಡಿದ್ದಕ್ಕೆ ಕಾರಣವಿತ್ತು. ಸುಶ್ರುತ ಸಂಹಿತೆಯ ಸೂತ್ರಸ್ಥಾನವು ದಗ್ಧವನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಸುಟ್ಟ ಆಳವನ್ನು ನೋಡಿ ಚಿಕಿತ್ಸೆ ನಿರ್ಧರಿಸಬೇಕೆಂಬ ಈ ದೃಷ್ಟಿ ಇಂದಿಗೂ ಮಾನ್ಯವಾದದ್ದು. ಆದರೆ ಮೇಲ್ಮೈಯಷ್ಟೇ ಸುಟ್ಟ ಪ್ಲುಷ್ಟಕ್ಕೆ ತಣ್ಣೀರು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ, ಆದ್ದರಿಂದ ಉಷ್ಣೋಪಚಾರವೇ ಹಿತವೆಂಬ ಅಭಿಪ್ರಾಯವೂ ಅಲ್ಲಿದೆ. ನಾನು ಅದನ್ನು ಕಂಠಪಾಠ ಮಾಡಿದ್ದೆ. ಇಂದು ಲೋಕದ ಎಲ್ಲೆಡೆಯ ಅನುಭವ ಅದಕ್ಕೆ ವಿರುದ್ಧವಾಗಿದೆ. ಬೆಂಕಿ ಆರಿದ ಮೇಲೆಯೂ ಕಾವು ಚರ್ಮದೊಳಗೆ ಇಳಿಯುತ್ತಲೇ ಇರುತ್ತದೆ. ಹರಿಯುವ ತಣ್ಣೀರು ಆ ಕಾವನ್ನು ಹೊರಗೆಳೆದು ಗಾಯ ಆಳವಾಗುವುದನ್ನು ತಗ್ಗಿಸುತ್ತದೆ. ತುಪ್ಪವಾಗಲಿ, ಎಣ್ಣೆಯಾಗಲಿ ಮೊದಲೇ ಹಚ್ಚಿದರೆ ಕಾವು ಒಳಗೇ ಉಳಿಯುತ್ತದೆ. ವೈದ್ಯನು ಲೋಕದಿಂದ ಸದಾ ಕಲಿಯುತ್ತಿರಬೇಕೆಂದು ಬಯಸಿದವರು ಚರಕಾಚಾರ್ಯರು. ಹೊಸದನ್ನು ಒಪ್ಪಿಕೊಂಡರೆ ಶಾಸ್ತ್ರಕ್ಕೆ ಅಪಚಾರವಾಗದು.

ಆದ್ದರಿಂದ ಕ್ರಮವನ್ನು ನೆನಪಿಡಿರಿ.

1. ಬಟ್ಟೆಗೆ ಬೆಂಕಿ ಹತ್ತಿದರೆ ಮಗು ಓಡಬಾರದು. ನೆಲಕ್ಕೆ ಮಲಗಿಸಿ ಉರುಳಿಸಿರಿ, ಅಥವಾ ದಪ್ಪ ಕಂಬಳಿ ಹೊದಿಸಿ ಆರಿಸಿರಿ.

2. ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ ಪೂರ್ತಿ 20 ನಿಮಿಷ ಹಿಡಿಯಿರಿ. ನಲ್ಲಿ ಇಲ್ಲದಿದ್ದರೆ ಕೊಡದ ಸ್ವಚ್ಛ ನೀರನ್ನು ತಂಬಿಗೆಯಿಂದ ಎರೆಯುತ್ತಿರಿ. ಸುಟ್ಟು 3 ಗಂಟೆಯೊಳಗಾದರೂ ಇದರಿಂದ ಪ್ರಯೋಜನವಿದೆ. ಮಂಜುಗಡ್ಡೆ ಬೇಡ. ಉಳಿದ ಮೈ ಬೆಚ್ಚಗಿರಲಿ.

3. ಬಾವು ಬರುವ ಮುನ್ನ ಬಳೆ, ಉಂಗುರ, ಉಡಿದಾರ ತೆಗೆಯಿರಿ. ಎದೆ, ಕೊರಳು ಸುಟ್ಟಿದ್ದರೆ ಬೆಳ್ಳಿಯ ಕರಡಿಗೆಯೂ ಕಾದಿರುತ್ತದೆ. ಅದನ್ನು ಶಿವದಾರ ಸಹಿತ ತೆಗೆದು, ಇಷ್ಟಲಿಂಗವನ್ನು ಮಗುವಿನ ಸುಡದ ಅಂಗೈಯಲ್ಲಿ ಇರಿಸಬಹುದು, ಅಥವಾ ತಾಯಿ ಹಿಡಿದುಕೊಳ್ಳಬಹುದು. ಸಂಕೋಚದಿಂದ ತಡಮಾಡಬೇಡಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಕೀಳಬೇಡಿರಿ.

4. ಹಲ್ಲುಪುಡಿ, ಟೂತ್‌ಪೇಸ್ಟ್, ಶಾಯಿ, ಅರಿಷಿಣ, ಸುಣ್ಣ, ತುಪ್ಪ ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿರಿ. ಸ್ವಚ್ಛ ಬಟ್ಟೆಯನ್ನು ಸಡಿಲವಾಗಿ ಮುಚ್ಚಿರಿ.

5. ಮುಖ, ಕೈ, ಪಾದ, ಕೀಲು, ಗುಪ್ತಾಂಗ ಸುಟ್ಟಿದ್ದರೆ, ಗಾಯ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ, ಚರ್ಮ ಬೆಳ್ಳಗೆ ಅಥವಾ ಕಪ್ಪಗೆ ಕಂಡರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರವನ್ನು ಅಲ್ಲಿ ಕೇಳಿರಿ.

ಶತಧೌತ ಘೃತ, ಲೋಳೆಸರಗಳಿಗೆ ಸ್ಥಾನವಿಲ್ಲವೇ? ಇದೆ. ಕಾವು ಪೂರ್ಣ ಆರಿದ ಸಣ್ಣ ಗಾಯಕ್ಕೆ, ವೈದ್ಯರು ನೋಡಿದ ಮೇಲೆ.

ಕಣ್ಣಿನ ವಿಷಯ

ಮತಾಪು, ಪಟಾಕಿಯ ಕಿಡಿ ಕಣ್ಣಿಗೆ ಸಿಡಿದರೆ ಉಜ್ಜಬಾರದು. ಎದೆಹಾಲು, ತುಪ್ಪ, ಗುಲಾಬಿ ಜಲ, ಮನೆಯಲ್ಲಿ ಉಳಿದ ಹಳೆಯ ಹನಿಗಳು ಯಾವುದನ್ನೂ ಹಾಕಬಾರದು. ಪುಡಿ ಅಥವಾ ರಾಸಾಯನಿಕ ಬಿದ್ದಿದ್ದರೆ ಮಾತ್ರ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆಯಿರಿ. ಪೆಟ್ಟು ಬಿದ್ದಿದ್ದರೆ ಒತ್ತಡ ಬೀಳದಂತೆ ಸಣ್ಣ ಬಟ್ಟಲನ್ನು ಮೇಲೆ ಮುಚ್ಚಿ, ಅದೇ ರಾತ್ರಿ ಕಣ್ಣಿನ ವೈದ್ಯರಲ್ಲಿಗೆ ಹೋಗಿರಿ. ಸುಡದೆ ಉಳಿದ ಪಟಾಕಿಯನ್ನು ಮಕ್ಕಳು ಬಗ್ಗಿ ನೋಡದಂತೆ ಕಾಯಿರಿ. ಕೆರೆಯ ದಂಡೆಯಲ್ಲಂತೂ ಪಟಾಕಿಯೇ ಬೇಡ. ಅದು ಹಕ್ಕಿಗಳಿಗೂ ಹಿತ.

ಈ ವರ್ಷ ಪ್ರತಿ ಓಣಿಯ ಹಿರಿಯರೂ ತಮ್ಮೊಳಗೆ ಒಂದು ಮಾತು ಮಾಡಿಕೊಳ್ಳಲಿ. ಮಕ್ಕಳ ಗುಂಪಿನ ಹಿಂದೆ ಯಾರು ನಡೆಯುವವರು ಎಂಬುದು ಹಬ್ಬದ ಮುನ್ನಾದಿನವೇ ನಿಶ್ಚಯವಾಗಲಿ. ಮನೆಯ ಬಾಗಿಲಲ್ಲಿ ಎಣ್ಣೆಯ ಗಿಂಡಿಯ ಜೊತೆಗೆ ಒಂದು ಕೊಡ ನೀರೂ ಸಿದ್ಧವಿರಲಿ.