ಕಾರಿನೊಳಗೆ ಸಿಹಿ ವಾಸನೆ ಬರ್ತಿದೆಯಾ?

ಬೆಂಗಳೂರಿನಲ್ಲಿ ಕಾರು ಓಡಿಸುವವರಿಗೆ ಹೀಟರ್ ಅಂದರೆ ಎ.ಸಿ. ನಾಬ್ ಪಕ್ಕದ ಕೆಂಪು ಗುರುತು, ಅಷ್ಟೆ. ಆ ಕಡೆಗೆ ನಾಬ್ ತಿರುಗಿಸೋ ಸಂದರ್ಭವೇ ಬರಲ್ಲ. ಆದರೆ ಇವತ್ತಿನ ಬಹುತೇಕ ಪೆಟ್ರೋಲ್, ಡೀಸೆಲ್ ಕಾರುಗಳ ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಒಂದು ದಪ್ಪ ಪುಸ್ತಕದಷ್ಟು ದೊಡ್ಡ ಪುಟ್ಟ ರೇಡಿಯೇಟರ್ ಕೂತಿರುತ್ತೆ. ಅದರ ಹೆಸರು ಹೀಟರ್ ಕೋರ್. ಇಂಜಿನ್‌ನಲ್ಲಿ ಎಂಬತ್ತು, ತೊಂಬತ್ತು ಡಿಗ್ರಿಗೆ ಕಾದ ಕೂಲೆಂಟ್ ಇದರೊಳಗೆ ಹರಿಯುತ್ತೆ, ಹಿಂದಿನಿಂದ ಫ್ಯಾನ್ ಗಾಳಿ ಊದುತ್ತೆ, ಆ ಗಾಳಿ ಬಿಸಿಯಾಗಿ ನಿಮ್ಮ ಕಾಲಿಗೂ ಮುಂದಿನ ಗಾಜಿಗೂ ಬರುತ್ತೆ. ಹೇಗೂ ವ್ಯರ್ಥವಾಗೋ ಬಿಸಿಯನ್ನು ಬಳಸಿಕೊಳ್ಳೋ ಈ ಉಪಾಯ ನನಗಂತೂ ಬಹಳ ಇಷ್ಟ.

ನಾನಿರೋದು ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹೊರವಲಯದಲ್ಲಿ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಕೋಡ್ ಬರೆಯೋ ಕೆಲಸ. ಮೂರು ವರ್ಷದ ಹಿಂದೆ 1966ರ ಫೋರ್ಡ್ ಮಸ್ಟಾಂಗ್ ಒಂದನ್ನು ಕೊಂಡೆ. ಸಿನಿಮಾದಲ್ಲಿ ಬರೋ ವಿ8 ಅಲ್ಲ, ಸಾಲಾಗಿ ಆರು ಸಿಲಿಂಡರ್ ಇರೋ ಸಾಧು ಕಾರು. ಮಸ್ಟಾಂಗ್ ಮೊದಲು ಜನರ ಮುಂದೆ ಬಂದದ್ದು 1964ರ ಏಪ್ರಿಲ್ 17ರಂದು, ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ. ನನ್ನ ಕಾರು ತಯಾರಾದದ್ದು ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಡಿಯರ್‌ಬಾರ್ನ್‌ನಲ್ಲಿ. ಪ್ರತಿ ಆಗಸ್ಟ್‌ನಲ್ಲಿ ಇಲ್ಲಿನ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ಜಾತ್ರೆಯೇ ನಡೆಯುತ್ತೆ. ಹಾಗಾಗಿ ಈ ಊರಲ್ಲಿ ಇಂಥ ಹುಚ್ಚು ಯಾರಿಗೂ ವಿಚಿತ್ರ ಅನ್ನಿಸಲ್ಲ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು.

ಕಳೆದ ಸೆಪ್ಟೆಂಬರ್‌ನಲ್ಲಿ ಕಾರಿನೊಳಗೆ ಒಂದು ಸಿಹಿ ವಾಸನೆ ಶುರುವಾಯಿತು, ಬೆಲ್ಲದ ಪಾಕ ಸ್ವಲ್ಪ ಹತ್ತಿದ ಹಾಗೆ. ಮುಂದಿನ ಗಾಜಿನ ಒಳಭಾಗದಲ್ಲಿ ಎಣ್ಣೆ ಸವರಿದಂಥ ಪೊರೆ, ಎಷ್ಟು ಒರೆಸಿದರೂ ಮತ್ತೆ ಮಂಜು. ಪಕ್ಕದ ಸೀಟಿನ ಕಾಲಡಿ ಮ್ಯಾಟ್ ಒದ್ದೆ. ರೇಡಿಯೇಟರ್‌ನಲ್ಲಿ ಕೂಲೆಂಟ್ ಇಳೀತಾ ಇದೆ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಈ ನಾಲ್ಕೂ ಒಟ್ಟಿಗೆ ಕಂಡರೆ ಹೀಟರ್ ಕೋರ್ ಸೋರ್ತಿದೆ ಅಂತ ಹೆಚ್ಚುಕಮ್ಮಿ ಖಚಿತ. ಬೆಂಗಳೂರಿನ ಹೊಸ ಕಾರಿಗೂ ಇದೇ ಲಕ್ಷಣ ಅನ್ವಯಿಸುತ್ತೆ. ಮಳೆಗಾಲದಲ್ಲಿ ಮಡಿಕೇರಿ ಘಾಟ್ ಹತ್ತುವಾಗ ಗಾಜಿನ ಮಂಜು ಹೋಗದೇ ಇದ್ದು, ಜತೆಗೆ ಸಿಹಿ ವಾಸನೆಯೂ ಬಂದರೆ ಮೊದಲು ಕೂಲೆಂಟ್ ಮಟ್ಟ ನೋಡಿ.

ಹಳೇ ಮಸ್ಟಾಂಗ್‌ನಲ್ಲಿ ಮಾತ್ರ ಇನ್ನೊಂದು ತಕರಾರಿದೆ. ಮುಂದಿನ ಗಾಜಿನ ಬುಡದಲ್ಲಿ ಹೊರಗಾಳಿ ಒಳಬರೋ ಜಾಲರಿ ಇರುತ್ತಲ್ಲ, ಅದರ ಕೆಳಗಿನ ತಗಡು ಈ ಕಾರುಗಳಲ್ಲಿ ತುಕ್ಕು ಹಿಡಿದು ತೂತಾಗೋದು ಸರ್ವೇಸಾಮಾನ್ಯ. ಆಗ ಮಳೆನೀರು ನೇರವಾಗಿ ಒಳಗೆ ಬಂದು ಅದೇ ಮ್ಯಾಟ್ ಒದ್ದೆ ಮಾಡುತ್ತೆ. ಎಷ್ಟೋ ಜನ ಹೀಟರ್ ಕೋರ್ ಬದಲಾಯಿಸಿದ ಮೇಲೂ ಮ್ಯಾಟ್ ಒದ್ದೆಯಾಗೋದು ನೋಡಿ ತಲೆ ಕೆರೆದುಕೊಳ್ಳೋದು ಇದರಿಂದಲೇ. ನಾನು ಮೊದಲು ಆ ಜಾಲರಿಗೆ ಹೋಸ್‌ನಲ್ಲಿ ನೀರು ಬಿಟ್ಟು ನೋಡಿದೆ. ಒಳಗೆ ಒಣಗಿತ್ತು. ಮ್ಯಾಟ್ ಮೇಲಿನ ತೇವವನ್ನು ಬಿಳಿ ಕಾಗದಕ್ಕೆ ಒತ್ತಿದರೆ ತಿಳಿ ಹಸಿರು, ಜಿಡ್ಡು ಜಿಡ್ಡು. ಕೂಲೆಂಟೇ.

ಇಲ್ಲಿನ ಗ್ಯಾರೇಜ್ ಒಂದರಲ್ಲಿ ಕೇಳಿದಾಗ ಸುಲಭದ ದಾರಿ ಹೇಳಿದರು. ಹೀಟರ್‌ಗೆ ಹೋಗೋ ಎರಡು ಹೋಸ್‌ಗಳನ್ನೂ ಒಂದಕ್ಕೊಂದು ಸೇರಿಸಿಬಿಡಿ, ಕೂಲೆಂಟ್ ಹೀಟರ್ ಕಡೆಗೆ ಹೋಗೋದೇ ಇಲ್ಲ, ಹತ್ತು ನಿಮಿಷದ ಕೆಲಸ. ಬೇಸಿಗೆಯಲ್ಲಿ ಮಾತ್ರ ಓಡಿಸೋರಿಗೆ ಇದು ಸಾಕು, ಅದನ್ನು ತಪ್ಪು ಅನ್ನಲಾರೆ. ಆದರೆ ನಾನು ಅಕ್ಟೋಬರ್ ಕೊನೆಯವರೆಗೂ ಓಡಿಸ್ತೀನಿ. ಆ ಹೊತ್ತಿಗೆ ಇಲ್ಲಿ ಬೆಳಿಗ್ಗೆ ಸೊನ್ನೆ ಡಿಗ್ರಿ ಹತ್ತಿರ. ಬಿಸಿಗಾಳಿ ಇಲ್ಲದಿದ್ದರೆ ಗಾಜು ಮಂಜಾಗಿ ಮುಂದಿನ ವಾಹನವೇ ಕಾಣಲ್ಲ. ಹೀಟರ್ ಇರೋದು ಕಾಲು ಬೆಚ್ಚಗಿರಲಿ ಅಂತ ಮಾತ್ರ ಅಲ್ಲ, ಕಣ್ಣಿಗೆ ದಾರಿ ಕಾಣಲಿ ಅಂತಲೂ.

ಅದೇ ಹೊತ್ತಿಗೆ ಅಪ್ಪ ಅಮ್ಮ ಹಾಸನದಿಂದ ಬಂದಿದ್ದರು. ಅಮ್ಮನಿಗೆ ಮೊಮ್ಮಗಳಿದ್ದಳು. ಅಪ್ಪನಿಗೆ ಹೊತ್ತೇ ಹೋಗ್ತಿರಲಿಲ್ಲ. ಇಲ್ಲಿ ಬೀದಿಯಲ್ಲಿ ನಡೆದರೆ ಮಾತಾಡೋಕೆ ಒಬ್ಬರೂ ಸಿಗಲ್ಲ. ಬಂದು ಮೂರು ವಾರ ಅವರು ಕಿಟಕಿ ಪಕ್ಕ ಕೂತು ಹೋಗೋ ಬರೋ ಕಾರು ನೋಡಿದ್ದೇ ಆಯಿತು.

ಅಪ್ಪನದು ಹಾಸನದ ಬಿ.ಎಂ. ರಸ್ತೆಯಲ್ಲಿ ರೇಡಿಯೇಟರ್ ರಿಪೇರಿ ಅಂಗಡಿ. ಕಾಫಿ ಲಾರಿ, ಟ್ರಾಕ್ಟರ್, ಟ್ಯಾಕ್ಸಿ ಅಂಬಾಸಿಡರ್ ಎಲ್ಲ ಅಲ್ಲಿಗೇ ಬರ್ತಿದ್ವು. ಆಗಿನ ರೇಡಿಯೇಟರ್ ಅಂದರೆ ತಾಮ್ರ, ಹಿತ್ತಾಳೆ. ಎಲ್ಲಿ ಸೋರಿದರೂ ಬೆಸುಗೆ ಹಾಕಬಹುದಿತ್ತು. ಆಮೇಲೆ ಅಲ್ಯುಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕ್ ಬಂತು. ಸೋರಿದರೆ ಎಸೆದು ಹೊಸದು ಹಾಕೋದು. 'ಹಿತ್ತಾಳೆಗೆ ಬೆಸುಗೆ ಹಿಡಿಯುತ್ತೆ, ಪ್ಲಾಸ್ಟಿಕ್‌ಗೆ ಏನು ಹಿಡಿಯುತ್ತೆ?' ಅಂತಿದ್ದರು. ನಾನು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ ಅಂಗಡಿ ಮುಚ್ಚಿದರು. ನನ್ನ ಕೊನೆಯ ಎರಡು ಸೆಮಿಸ್ಟರ್ ಫೀಸು ಬಂದದ್ದು ಆ ಅಂಗಡಿಯ ಸಾಮಾನು ಮಾರಿದ ದುಡ್ಡಲ್ಲಿ. ಆ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತಲ್ಲ.

ಹೀಟರ್ ಕೋರ್ ಬಗ್ಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: 'ಹಿತ್ತಾಳೆದಾ?'

ಹೌದು ಅಂದೆ. 'ಹಂಗಾದ್ರೆ ಬಿಚ್ಚು.'

ಬಿಚ್ಚೋದೇ ಈ ಕೆಲಸದ ಮುಕ್ಕಾಲು ಪಾಲು. ಕಾರು ತಯಾರಿಸೋರು ಮೊದಲು ಹೀಟರ್ ಕೋರನ್ನು ಗಾಳಿಯಲ್ಲಿ ನೇತುಹಾಕಿ, ಆಮೇಲೆ ಅದರ ಸುತ್ತ ಕಾರು ಕಟ್ಟುತ್ತಾರೆ ಅನ್ನೋದು ಮೆಕ್ಯಾನಿಕ್‌ಗಳ ಹಳೇ ಜೋಕು. ಈಗಿನ ಎಷ್ಟೋ ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡೇ ಈಚೆ ಬರಬೇಕು. ಅದಕ್ಕೆ ಹೋಲಿಸಿದರೆ ಎ.ಸಿ. ಇಲ್ಲದ 1966ರ ಮಸ್ಟಾಂಗ್ ಪುಣ್ಯವಂತ. ಮೊದಲು ಇಂಜಿನ್ ಪೂರ್ತಿ ತಣ್ಣಗಾಗಲಿ. ಕೂಲೆಂಟನ್ನು ಅಗಲದ ಟ್ರೇಗೆ ಇಳಿಸಿಕೊಳ್ಳಿ. ಅದರಲ್ಲಿರೋ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ನಾಯಿ ನೆಕ್ಕಿದರೂ, ಮಗು ಬಾಯಿಗೆ ಹಾಕಿಕೊಂಡರೂ ಜೀವಕ್ಕೇ ಅಪಾಯ. ಎರಡು ವರ್ಷದ ಮಗಳು ಗ್ಯಾರೇಜಿಗೆ ಬರದ ಹಾಗೆ ಬಾಗಿಲಿಗೆ ಚಿಲಕ ಹಾಕಿಕೊಂಡೇ ಶುರು ಮಾಡಿದ್ವಿ.

ಇಂಜಿನ್‌ಗೂ ನಾವು ಕೂರೋ ಜಾಗಕ್ಕೂ ನಡುವೆ ಇರೋ ತಗಡಿನ ಗೋಡೆಯಿಂದ ಹೀಟರ್ ಕೋರಿನ ಎರಡು ಮೂತಿಗಳು ಇಂಜಿನ್ ಕಡೆಗೆ ಚಾಚಿರುತ್ತವೆ. ಹಳೇ ಹೋಸ್ ಅದಕ್ಕೆ ಅಂಟಿಕೊಂಡುಬಿಟ್ಟಿರುತ್ತೆ. ನಾನು ತಿರುಚೋಕೆ ಕೈ ಹಾಕಿದ್ದೇ ತಡ, ಅಪ್ಪ ಕೈ ಹಿಡಿದರು. ಮೂತಿ ತಿರುಚಿದರೆ ಬೆಸುಗೆ ಬಿಡುತ್ತೆ. ಹೋಸನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆ ಸುಲಿದ ಹಾಗೆ ತೆಗೀಬೇಕು. ಹೋಸ್ ಹೇಗೂ ಹೊಸದೇ ಹಾಕೋದಲ್ವಾ. ಆಮೇಲೆ ಅದೇ ಗೋಡೆಯಲ್ಲಿ, ಫ್ಯಾನ್ ಮೋಟರ್ ಸುತ್ತ ಇರೋ ನಾಲ್ಕು ನಟ್. ಒಳಗೆ ಬಂದು ಪಕ್ಕದ ಸೀಟಿನ ಕಾಲಡಿ ಅಂಗಾತ ಮಲಗಿದರೆ ಹೀಟರ್ ಪೆಟ್ಟಿಗೆ ಮುಖದ ಮೇಲೇ ಇರುತ್ತೆ. ಅದಕ್ಕೆ ಹಿಡಿದಿರೋ ಕೇಬಲ್‌ಗಳು, ಗಾಜಿಗೆ ಬಿಸಿಗಾಳಿ ಒಯ್ಯೋ ಕೊಳವೆಗಳು, ಮೋಟರ್ ವೈರು. ಪ್ರತಿಯೊಂದಕ್ಕೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡು ಬಿಚ್ಚಿದೆ. ಪೆಟ್ಟಿಗೆ ಕೆಳಗಿಳಿಸುವಾಗ ಒಳಗೆ ಉಳಿದ ಕೂಲೆಂಟ್ ನಿಮ್ಮ ಎದೆ ಮೇಲೆ ಸುರಿಯೋದು ಗ್ಯಾರಂಟಿ. ಹಳೇ ಟವೆಲ್ ಇರಲಿ, ಕಣ್ಣಿಗೆ ಕನ್ನಡಕ ಇರಲಿ.

ಪೆಟ್ಟಿಗೆಯ ಎರಡು ಹೋಳುಗಳನ್ನು ಹಿಡಿದಿರೋ ಕ್ಲಿಪ್ ಬಿಡಿಸಿದರೆ ಕೋರ್ ಕೈಗೆ ಬರುತ್ತೆ. ಅಪ್ಪ ಒಂದು ಮೂತಿಗೆ ರಬ್ಬರ್ ಬಿರಡೆ ಹಾಕಿ ಬಿಗಿದರು, ಇನ್ನೊಂದಕ್ಕೆ ಹೋಸ್ ಕಟ್ಟಿ ಸೈಕಲ್ ಪಂಪ್. ಬಕೆಟ್ ನೀರಲ್ಲಿ ಕೋರ್ ಮುಳುಗಿಸಿ ಮೆಲ್ಲಗೆ ಗಾಳಿ ಹೊಡೆದರು. ಹತ್ತು ಪಿಎಸ್‌ಐ ದಾಟಿಸಬೇಡ, ಈ ಮುದಿ ಪ್ರಾಣಿ ತಡೆಯಲ್ಲ ಅಂದರು. ಒಂದಲ್ಲ, ಮೂರು ಕಡೆ ಗುಳ್ಳೆ. ಮೂರೂ ಕೋರಿನ ಮಧ್ಯದ ಟ್ಯೂಬ್‌ಗಳಲ್ಲಿ. ಉಗುರಿಂದ ಕೆರೆದರೆ ತಾಮ್ರದ ರೆಕ್ಕೆಗಳು ಅಪ್ಪಳದ ಹಾಗೆ ಪುಡಿಯಾದ್ವು.

ನನಗೆ ಅವರು ಬೆಸುಗೆ ಹಾಕ್ತೀನಿ ಅಂತ ಹಟ ಹಿಡೀತಾರೆ ಅನ್ನೋ ಭಯ ಇತ್ತು. ಹೊಸದು ಆಗಲೇ ತರಿಸಿಟ್ಟಿದ್ದೆ, ಐವತ್ತು ಡಾಲರ್ ಆಸುಪಾಸು. ಹೇಳೋಕೆ ಒಂಥರಾ ಆಗ್ತಿತ್ತು. ಅಪ್ಪ ಕೋರನ್ನು ಬೆಳಕಿಗೆ ಹಿಡಿದು ಎರಡು ಸಲ ತಿರುಗಿಸಿ ನೋಡಿ ಕೆಳಗಿಟ್ಟರು. 'ಮೂತಿ ಹತ್ರ ಆಗಿದ್ರೆ ಮಾಡ್ಬೋದಿತ್ತು. ಇದು ಒಳಗೇ ಸವೆದುಹೋಗಿದೆ ಕಣೋ. ಇವತ್ತು ಇಲ್ಲಿ ಮುಚ್ಚಿದ್ರೆ ನಾಳೆ ಅಲ್ಲಿ. ಗಿರಾಕಿಗೆ ನಾನು ಇದನ್ನ ಮಾಡಿಕೊಡ್ತಿರಲಿಲ್ಲ.' ಕೂಲೆಂಟ್ ಹಳೆಯದಾದರೆ ತುಕ್ಕು ತಡೆಯೋ ರಾಸಾಯನಿಕ ಸತ್ವ ಕಳೆದುಕೊಂಡು, ಲೋಹವನ್ನು ಒಳಗಿಂದಲೇ ತಿನ್ನುತ್ತೆ. ಇದಕ್ಕೆ ಆದದ್ದೂ ಅದೇ.

ಹೊಸದನ್ನು ಡಬ್ಬಿಯಿಂದ ತೆಗೆದು ನೇರ ಪೆಟ್ಟಿಗೆಗೆ ಕೂರಿಸೋಕೆ ಹೋದೆ. ಅಪ್ಪ ಬಕೆಟ್ ತೋರಿಸಿದರು.

'ಅಪ್ಪ, ಇದು ಹೊಸದು.'

'ಅದಕ್ಕೇ ಹೇಳಿದ್ದು.'

ಮುಳುಗಿಸಿ ಹನ್ನೆರಡು ಪಿಎಸ್‌ಐ ಗಾಳಿ ಕೊಟ್ಟೆವು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಮೂತಿಯ ಬುಡದಿಂದ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ನಾನು ಸಾಫ್ಟ್‌ವೇರ್‌ನವನು, ಟೆಸ್ಟ್ ಮಾಡದೆ ಯಾವುದನ್ನೂ ಬಿಡುಗಡೆ ಮಾಡಬಾರದು ಅಂತ ದಿನಾ ಜೂನಿಯರ್‌ಗಳಿಗೆ ಹೇಳೋನು. ಅಂಥ ಗುಳ್ಳೆ ಕಣ್ಣಿಗೆ ಬಿದ್ದಾಗ ಎಷ್ಟು ಸಂತೋಷ ಆಗುತ್ತೆ ಅಂತ ಬಲ್ಲವರೇ ಬಲ್ಲರು. ಅದನ್ನು ಹಾಗೇ ಕೂರಿಸಿದ್ದರೆ ಇಡೀ ಪೆಟ್ಟಿಗೆ ಮತ್ತೆ ಈಚೆಗೆ ಬರಬೇಕಿತ್ತು.

ವಾಪಸ್ ಕಳಿಸಿ ಬೇರೆ ತರಿಸೋಣ, ಒಂದು ವಾರ ಆಗುತ್ತೆ ಅಂದೆ. ಅಪ್ಪ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಹಾರ್ಡ್‌ವೇರ್ ಅಂಗಡಿಗೆ ಕರ್ಕೊಂಡು ಹೋಗು ಅಂದರು. ಬೆಸುಗೆ ತಂತಿ, ನಲ್ಲಿ ಕೆಲಸಕ್ಕೆ ಬಳಸೋ ಫ್ಲಕ್ಸ್ ಪೇಸ್ಟ್, ಕೈಲಿ ಹಿಡಿಯೋ ಪುಟ್ಟ ಗ್ಯಾಸ್ ಟಾರ್ಚ್. ಹಾಸನದಲ್ಲಾದರೆ ಆಸಿಡ್‌ಗೆ ಸತುವಿನ ಚೂರು ಹಾಕಿ, ಅದು ಕುದಿಯೋದು ನಿಂತ ಮೇಲೆ ಅದನ್ನೇ ಫ್ಲಕ್ಸ್ ಮಾಡಿಕೊಳ್ತಿದ್ದರು. ಕೋರಿನ ಉಳಿದ ಬೆಸುಗೆಗಳು ಕರಗದ ಹಾಗೆ ಸುತ್ತ ಒದ್ದೆ ಬಟ್ಟೆ ಸುತ್ತಿದರು. ಮೂತಿಯ ಬುಡವನ್ನು ಉಜ್ಜಿ ಹೊಳಪು ಬರಿಸಿದರು. ಟಾರ್ಚ್ ಉರಿಯನ್ನು ಲೋಹಕ್ಕೆ ನೇರ ಹಿಡಿಯದೆ ಬೀಸಣಿಗೆ ಆಡಿಸಿದ ಹಾಗೆ ಆಡಿಸಿದರು. ಬೆಸುಗೆ ಬೆಳ್ಳಿ ನೀರಿನ ಹಾಗೆ ಮೂತಿಯ ಸುತ್ತ ಓಡಿ ನಿಂತಿತು. ಹದಿನೈದು ನಿಮಿಷ ಕೂಡ ಆಗಿಲ್ಲ. ಮತ್ತೆ ಬಕೆಟ್. ಹತ್ತು ನಿಮಿಷ ಇಬ್ಬರೂ ನೀರು ನೋಡ್ತಾ ಕೂತೆವು, ಗುಳ್ಳೆ ಇಲ್ಲ.

ಜೋಡಿಸುವಾಗ ಎರಡು ಮಾತು ನೆನಪಿರಲಿ. ಕೋರಿನ ಸುತ್ತ ಇರೋ ಹಳೇ ಸ್ಪಂಜ್ ಪಟ್ಟಿ ಪುಡಿಯಾಗಿರುತ್ತೆ. ಹೊಸದು ಅಂಟಿಸದಿದ್ದರೆ ಗಾಳಿ ಕೋರಿನ ಮೂಲಕ ಹೋಗದೆ ಪಕ್ಕದಿಂದ ನುಸುಳಿ ತಣ್ಣಗೇ ಬರುತ್ತೆ. ಫ್ಯಾನ್ ಮೋಟರ್ ಅದೇ ಪೆಟ್ಟಿಗೆಯಲ್ಲಿರೋದರಿಂದ, ಅದು ಕಿರುಗುಟ್ಟುತ್ತಿದ್ದರೆ ಈಗಲೇ ಬದಲಾಯಿಸಿ. ನಾನು ಬದಲಾಯಿಸಿದೆ.

ಕೂಲೆಂಟ್ ಮತ್ತು ನೀರು ಅರ್ಧ ಅರ್ಧ ಬೆರೆಸಿದರೆ ಮೈನಸ್ 37 ಡಿಗ್ರಿ ಆಸುಪಾಸಿನವರೆಗೂ ಹೆಪ್ಪುಗಟ್ಟಲ್ಲ, ಮಿಷಿಗನ್‌ಗೆ ಅಷ್ಟು ಬೇಕೇ ಬೇಕು. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು, ಕಾರಿನ ಮೂತಿ ಸ್ವಲ್ಪ ಮೇಲಿರೋ ಹಾಗೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿ ಕಡೆಗೆ ತಿರುಗಿಸಿ ಇಂಜಿನ್ ಚಾಲೂ ಮಾಡಿದ್ವಿ. ಒಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಅಂತ ಹೊರಬರುತ್ತೆ, ಮಟ್ಟ ಇಳಿದ ಹಾಗೆ ತುಂಬಿಸ್ತಾ ಹೋಗಬೇಕು. ಅಪ್ಪ ಪಕ್ಕದ ಸೀಟಲ್ಲಿ ಕೂತು ಗಾಳಿ ಬರೋ ಕಿಂಡಿಗೆ ಅಂಗೈ ಹಿಡಿದಿದ್ದರು. 'ಬಂತು' ಅಂದರು.

ಒಂದು ವಾರ ಓಡಿಸಿದ ಮೇಲೆ ಹೋಸ್ ಕ್ಲಿಪ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿದೆ. ಮ್ಯಾಟ್ ಒಣಗಿದೆ. ಇದನ್ನೆಲ್ಲ ನಮ್ಮ ಬೀದಿಯ ಕೊನೆಮನೆಯ ವಯಸ್ಸಾದವರೊಬ್ಬರಿಗೆ ಹೇಳಿದೆ. ಅವರ ಹತ್ತಿರ 1950ರ ದಶಕದ ಪಿಕಪ್ ಒಂದಿದೆ. ರೇಡಿಯೇಟರ್ ಹಿತ್ತಾಳೆದು, ಕೆಳಗಿನ ಟ್ಯಾಂಕಿನ ಅಂಚಲ್ಲಿ ಸೋರುತ್ತೆ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಅವರಿಗೆ ಕನ್ನಡ ಸೊನ್ನೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅಪ್ಪ ಬಕೆಟ್ ಹಿಡಿದು ಅಲ್ಲಿಗೆ ಹೊರಟರು, ನಾನೂ ಬರಲಾ ಅಂದರೆ ಬೇಡ ಅಂದರು.