ಬೆಂಕಿ ಬೇಡುವ ಪೈನ್ ವನ

ಕಾಡಿಗೆ ಬೆಂಕಿಯೇ ಪರಮಶತ್ರುವೆಂಬ ನಂಬಿಕೆ ಲೋಕದಲ್ಲೆಲ್ಲ ಬೇರೂರಿದೆ. ಅಮೆರಿಕದಲ್ಲಿ 1944ರಿಂದ ಭಿತ್ತಿಪತ್ರಗಳಲ್ಲಿ ಕಾಣಿಸಿಕೊಳ್ಳತೊಡಗಿದ ಸ್ಮೋಕಿ ಎಂಬ ಕರಡಿ ಅದನ್ನು ಎಳೆಯ ಮಕ್ಕಳ ಮನಸ್ಸಿನಲ್ಲಿಯೂ ಅಚ್ಚೊತ್ತಿತು. ಮನುಷ್ಯನ ಅಜಾಗ್ರತೆಯಿಂದ ಹೊತ್ತುವ ಕಿಚ್ಚಿನ ಮಟ್ಟಿಗೆ ಆ ಎಚ್ಚರಿಕೆ ಯುಕ್ತವೇ ಸರಿ. ಆದರೆ ಅದೇ ದೇಶದ ಆಗ್ನೇಯ ಭಾಗದಲ್ಲಿ, ವರ್ಜೀನಿಯದಿಂದ ಟೆಕ್ಸಸ್‌ವರೆಗೆ ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆಗಳನ್ನು ವ್ಯಾಪಿಸಿದ್ದು, ಇಪ್ಪತ್ತನೆಯ ಶತಮಾನದ ಅಂತ್ಯದ ವೇಳೆಗೆ ಶೇಕಡ 5ರಷ್ಟೂ ಉಳಿಯದೆ ಹೋದ ಲಾಂಗ್‌ಲೀಫ್ ಪೈನ್ ವನಗಳ ಪಾಲಿಗೆ, ಕೊಡಲಿ ನೇಗಿಲುಗಳನ್ನು ಬಿಟ್ಟರೆ, ಈ ನಂಬಿಕೆಯಷ್ಟು ಕೇಡು ಮಾಡಿದುದು ಮತ್ತೊಂದಿಲ್ಲ. ಕೆಲವು ವರ್ಷಗಳಿಗೊಮ್ಮೆ ಸಿಡಿಲಿನಿಂದಲೋ ಅಲ್ಲಿಯ ಮೂಲನಿವಾಸಿಗಳ ಕೈಯಿಂದಲೋ ಹೊತ್ತಿ, ಹುಲ್ಲು ತರಗುಗಳನ್ನಷ್ಟೇ ಸುಟ್ಟು ಸಾಗುತ್ತಿದ್ದ ನೆಲಬೆಂಕಿ ನಿಂತುಹೋದೊಡನೆ, ಓಕ್ ಮೊದಲಾದ ಮರಗಳು ಒತ್ತಾಗಿ ಬೆಳೆದು ನೆಲಕ್ಕೆ ನೆರಳು ಕವಿಸಿದುವು. ಉದುರಿದ ಪೈನ್ ಬೀಜಕ್ಕೆ ಬರಿಯ ಮಣ್ಣಿನ ಸ್ಪರ್ಶವೇ ದುರ್ಲಭವಾಯಿತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗುಬೆಂಕಿ ಹಾಕುತ್ತಿದ್ದುದನ್ನು ಬಲ್ಲವರಿಗೆ ಈ ಮಾತು ವಿಚಿತ್ರವೆನಿಸಲಾರದು.

ಬೆಂಕಿಯಲ್ಲಿ ಎಳೆಯ ಸಸಿ ಬದುಕುವುದೆಂತು ಎಂದು ಕೇಳುವವರುಂಟು. ಈ ಪೈನಿನ ಸಸಿ ಹಲವು ವರ್ಷ ಮೇಲಕ್ಕೇಳದೆ ಹುಲ್ಲಿನ ತೆಂಡೆಯಂತೆ ನೆಲಕ್ಕಂಟಿಕೊಂಡಿರುವುದರಿಂದ, ಅದು ಕುಂಠಿತವಾಯಿತೆಂದು ಕಿತ್ತೆಸೆಯಬಯಸುವವರೂ ಉಂಟು. ಆ ವರ್ಷಗಳಲ್ಲೆಲ್ಲ ಅದು ತಾಯಿಬೇರನ್ನು ಆಳಕ್ಕಿಳಿಸುತ್ತಿರುತ್ತದೆ. ಬಾಗಿ ನೋಡಿದರೆ, ನೀಳವಾದ ಸೂಜಿಯೆಲೆಗಳ ದಟ್ಟ ಕುಚ್ಚಿನ ನಡುವೆ, ಬೆಳ್ಳನೆಯ ಹುರುಪೆಗಳನ್ನು ಹೊದೆದ ಕುಡಿಮೊಗ್ಗು ನೆಲದ ಮಟ್ಟದಲ್ಲಿಯೇ ಕಾಣುತ್ತದೆ. ಮೊದಲ ವರ್ಷದ ಸಸಿಗೆ ಬೆಂಕಿಯನ್ನು ತಾಳುವ ಶಕ್ತಿಯಿಲ್ಲ. ಬೇರು ಬಲಿತ ಮೇಲಾದರೋ, ಹೊರಗಿನ ಎಲೆಗಳು ತುದಿಯಿಂದ ಉರಿದುಬರುತ್ತಿರುವಾಗ ಒಳಗಿನ ಹಸಿಯೆಲೆಗಳ ಒತ್ತೇ ಮೊಗ್ಗನ್ನು ಕಾಯುತ್ತದೆ, ಕಂದುಚುಕ್ಕೆಯ ಶಿಲೀಂಧ್ರ ಹಿಡಿದ ಎಲೆಗಳು ರೋಗಸಮೇತ ಬೂದಿಯಾಗುತ್ತವೆ, ಕೆಲವೇ ವಾರಗಳಲ್ಲಿ ಹೊಸ ಹಸುರು ಒಡೆಯುತ್ತದೆ. ಚಳಿಗಾಲದಲ್ಲಿ ಸಸಿ ನೆಡುವವರು ಮೊಗ್ಗು ಮಣ್ಣಿನಲ್ಲಿ ಹೂತುಹೋಗದಂತೆ ಅಷ್ಟೊಂದು ಎಚ್ಚರ ವಹಿಸುವುದು ಇದಕ್ಕಾಗಿಯೇ.

ಯಾವ ತಿಂಗಳಲ್ಲಿ ಸುಟ್ಟರೇನು ಎಂಬ ಮಾತೂ ನಿಲ್ಲದು. ಬಹುಕಾಲ ಬೆಂಕಿ ಕಾಣದ ನೆಲದಲ್ಲಿ ಹಿಡಿತಕ್ಕೆ ಸಿಕ್ಕುವ ಚಳಿಗಾಲದ ಬೆಂಕಿಯಿಂದ ಆರಂಭಿಸುವುದು ವಿವೇಕವೇ ಅಹುದು. ಆದರೆ ಈ ವನದ ನೆಲವನ್ನಾಳುವ ವೈರ್‌ಗ್ರಾಸ್ ಎಂಬ ಹುಲ್ಲು, ಸಿಡಿಲಿನ ಕಾಲವಾದ ಮೇಯಿಂದ ಜುಲೈವರೆಗಿನ ತಿಂಗಳುಗಳಲ್ಲಿ ಸುಟ್ಟಾಗಲೇ ಸಮೃದ್ಧವಾಗಿ ಹೂತು ಬೀಜ ಕಟ್ಟುತ್ತದೆ. ಆದುದರಿಂದ ಆಗ ಉರಿಯುವ ಇಂಧನವನ್ನು ತೊಟ್ಟಿಕ್ಕಿಸುವ ಡ್ರಿಪ್ ಟಾರ್ಚ್ ಹಿಡಿದು ಗಾಳಿಗೆದುರಾಗಿ ಬೆಂಕಿ ಸಾಗಿಸಿದವರೇ ವರ್ಷಾಂತ್ಯದಲ್ಲಿ ಬೀಜ ಸಂಗ್ರಹಿಸಲು ಅದೇ ನೆಲಕ್ಕೆ ಮರಳುತ್ತಾರೆ.

ಮರ ನೆಟ್ಟರೆ ಕಾಡಾಯಿತೆಂಬ ಭ್ರಮೆಯೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ದುಃಖಕರವಾದುದು. ಈ ವನದ ಸಂಪತ್ತು ಮರಗಳಿಗಿಂತ ಮರಗಳ ನಡುವಣ ಬಿಸಿಲಿನಲ್ಲಿದೆ: ಒಳ್ಳೆಯ ನೆಲದ ಒಂದು ಚದರ ಮೀಟರಿನಲ್ಲಿ 40 ಜಾತಿಯವರೆಗೆ ಸಸ್ಯಗಳು ದೊರೆಯುತ್ತವೆ, ಒತ್ತಾಗಿ ನೆಟ್ಟ ತೋಪಿನ ನೆರಳಿನಲ್ಲಿ ಅವು ಉಳಿಯವು. ಜೀವಂತ ಪೈನಿನಲ್ಲಿಯೇ ಪೊಟರೆ ಕೊರೆಯುವ ರೆಡ್-ಕಾಕೇಡೆಡ್ ಮರಕುಟಿಗಕ್ಕಂತೂ ಹತ್ತಾರು ವರ್ಷ ಬಲಿತ ಮುದಿಮರವೇ ಬೇಕು. 1989ರಲ್ಲಿ ಹ್ಯೂಗೊ ಚಂಡಮಾರುತವು ದಕ್ಷಿಣ ಕ್ಯಾರೊಲೈನದ ಫ್ರಾನ್ಸಿಸ್ ಮೇರಿಯನ್ ಅರಣ್ಯದಲ್ಲಿ ಅಂತಹ ಮರಗಳನ್ನು ಬಹುಪಾಲು ಉರುಳಿಸಿದಾಗ, ಉಳಿದ ಮರಗಳನ್ನು ಕೊರೆದು ಕೃತಕ ಗೂಡುಗಳನ್ನು ಕೂಡಿಸಬೇಕಾಯಿತು. ಹಕ್ಕಿ ಪೊಟರೆಯ ಸುತ್ತ ಕುಕ್ಕಿ ಹರಿಸುವ ರಾಳ ಸುಲಭವಾಗಿ ಹೊತ್ತಿಕೊಳ್ಳುವುದರಿಂದ, ಸುಡುವ ಮುನ್ನ ಪ್ರತಿಯೊಂದು ಗೂಡುಮರದ ಬುಡದಿಂದಲೂ ಒಣಗಿದ ಸೂಜಿಯೆಲೆಗಳನ್ನು ಎಳೆದು ದೂರ ಮಾಡುವ ಕೆಲಸ ಇಂದಿಗೂ ನಡೆದಿದೆ.