ಮೊದಲು ಬ್ರೇಕ್, ಆಮೇಲೆ ಎಂಜಿನ್

ಬೆಂಗಳೂರಿನಿಂದ ಚೆನ್ನೈ ಹೆದ್ದಾರಿ ಹಿಡಿದು ಶ್ರೀಪೆರುಂಬುದೂರು ದಾಟಿದರೆ ಇರುಂಗಾಟ್ಟುಕೋಟ್ಟೈ. ಕಾರ್ಖಾನೆಗಳ ಆ ಸೀಮೆಯಲ್ಲಿ 3.717 ಕಿಲೊಮೀಟರ್ ಉದ್ದದ, 12 ತಿರುವುಗಳ ರೇಸ್ ಟ್ರ್ಯಾಕ್ ಇದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಇದನ್ನು ತೆರೆದದ್ದು 1990ರಲ್ಲಿ. ಅದಕ್ಕೂ ಮೊದಲು ಶೋಳವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ರನ್‌ವೇ ಮೇಲೆಯೇ ಕಾರುಗಳು ಓಡುತ್ತಿದ್ದವು. ನಮ್ಮಲ್ಲಿ ರ‍್ಯಾಲಿಗೆ ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಿವೆ, ಆಟೊಕ್ರಾಸ್‌ಗೆ ಮಣ್ಣಿನ ಬಯಲುಗಳಿವೆ. ಡಾಂಬರಿನ ಮೇಲೆ ಹತ್ತಿಪ್ಪತ್ತು ಕಾರು ಒಟ್ಟಿಗೆ ನುಗ್ಗುವ ರೇಸ್ ಬೇಕೆಂದರೆ ಬೆಂಗಳೂರಿನವರು ಇಲ್ಲಿಗೋ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗಬೇಕು.

ಈ ಎರಡನೆಯ ಟ್ರ್ಯಾಕಿಗೆ ಹೆಸರು ಬಂದದ್ದು ಎಸ್. ಕರಿವರ್ಧನ್ ಅವರಿಂದ. ಮಾರುತಿ 800ರ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ನನ್ನೇ ಒಂಟಿ ಸೀಟಿನ ರೇಸ್ ಕಾರಿಗೆ ಕೂರಿಸಿ ‘ಫಾರ್ಮುಲಾ ಮಾರುತಿ’ ರೂಪಿಸಿದವರು ಅವರು. ಆ ಪುಟ್ಟ ಎಂಜಿನ್ ಹಿಂದಿಟ್ಟುಕೊಂಡು ರೇಸ್ ಕಲಿತ ನರೇನ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಗ್ರಿಡ್‌ನಲ್ಲಿ ನಿಂತರು. ನೋಡಲು ಕರಿವರ್ಧನ್ ಇರಲಿಲ್ಲ. 1995ರಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಸಣ್ಣ ಕಾರಿನಲ್ಲಿ ರೇಸ್ ಕಲಿಯುವುದು ನಮ್ಮಲ್ಲಿ ಬಡವರ ರಾಜಿ ಅಲ್ಲ, ಅದೇ ಇಲ್ಲಿನ ಪರಂಪರೆ ಎಂದು ನಾನು ನಂಬುವುದು ಈ ಇತಿಹಾಸದ ಮೇಲೆಯೇ.

ಹಾಗಾದರೆ ಯಾವ ಕಾರು? ಹಳೆಯ ಎಸ್ಟೀಮ್, ಮೊದಲ ತಲೆಮಾರಿನ ಹೋಂಡಾ ಸಿಟಿ ವಿಟೆಕ್, ಸ್ವಿಫ್ಟ್, ಪೋಲೊ: ಇವೆಲ್ಲ ಟ್ರ್ಯಾಕ್ ಕಂಡ ಕಾರುಗಳೇ. ನಿಮ್ಮೂರಿನ ಮೆಕ್ಯಾನಿಕ್‌ಗೆ ಕಣ್ಣು ಮುಚ್ಚಿ ಬಿಚ್ಚಲು ಬರುವ, ಕ್ಲಚ್ ಪ್ಲೇಟು, ಡ್ರೈವ್ ಶಾಫ್ಟು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಅದೇ ದಿನ ಸಿಗುವ ಕಾರು ತೆಗೆದುಕೊಳ್ಳಿ. ಅಷ್ಟು ಸಾಕು.

ದುಡ್ಡು ಎಲ್ಲಿ ಹಾಕಬೇಕು ಎನ್ನುವಲ್ಲಿ ಹೊಸಬರು ಎಡವುತ್ತಾರೆ. ಏರ್ ಫಿಲ್ಟರ್, ಎಕ್ಸಾಸ್ಟ್, ಇಸಿಯು ರಿಮ್ಯಾಪ್ ಎಂದು ಎಂಜಿನ್ನಿಗೇ ಸುರಿಯುತ್ತಾರೆ. ಟ್ರ್ಯಾಕ್‌ನಲ್ಲಿ ಮೊದಲು ಸೋಲುವುದು ಎಂಜಿನ್ ಅಲ್ಲ, ಬ್ರೇಕು. 140 ಕಿ.ಮೀ. ವೇಗದ ಕಾರಿನಲ್ಲಿರುವ ಶಕ್ತಿ 100ರಲ್ಲಿ ಇದ್ದದ್ದರ ಹೆಚ್ಚುಕಡಿಮೆ ಎರಡರಷ್ಟು, ನಿಲ್ಲಿಸುವಾಗ ಅದಷ್ಟೂ ಡಿಸ್ಕಿನಲ್ಲಿ ಬಿಸಿಯಾಗುತ್ತದೆ. ರಸ್ತೆಯಲ್ಲಿ ಅಷ್ಟು ಗಟ್ಟಿಯಾಗಿ ಬ್ರೇಕ್ ತುಳಿಯುವುದು ಅಪರೂಪ; ಇಲ್ಲಿ ಪ್ರತಿ ಲ್ಯಾಪಿನಲ್ಲೂ ಹಲವು ಸಲ, ತಣಿಯಲು ಬಿಡುವೇ ಇಲ್ಲದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ದ್ರವ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ನೀರು ಕುಡಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ಆವಿ ಒತ್ತಿದರೆ ಕುಗ್ಗುತ್ತದೆ, ಒತ್ತಡ ಪ್ಯಾಡ್‌ಗೆ ತಲುಪುವುದೇ ಇಲ್ಲ. ಪೆಡಲ್ ಮೆತ್ತಗೆ ನೆಲಕ್ಕೆ ಇಳಿಯುತ್ತದೆ, ತಿರುವು ಎದುರಿಗೇ ಇರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ತಾಳುತ್ತದೆ, 5.1 ಆದರೆ 260. ಆದ್ದರಿಂದ ಪ್ರತಿ ರೇಸಿಗೆ ಮುಂಚೆ ಆಯಿಲ್ ಬದಲಿಸಿ, ಬಿಸಿ ತಡೆಯುವ ಪ್ಯಾಡ್ ಹಾಕಿಸಿ. ಕೊನೆಯ ಲ್ಯಾಪನ್ನು ನಿಧಾನವಾಗಿ ಸುತ್ತಿ ಡಿಸ್ಕ್ ತಣಿಸಿ. ಪಿಟ್‌ಗೆ ಬಂದು ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಅಡೆ ಕೊಡಿ.

ಬ್ರೇಕ್ ಆದ ಮೇಲೆ ಟೈರು. ಅದಾದ ಮೇಲೆ ನಿಮ್ಮ ಜೀವ ಕಾಯುವ ಸಾಮಾನು: ಬಕೆಟ್ ಸೀಟ್, ಆರು ಕಡೆ ಬಿಗಿಯುವ ಬೆಲ್ಟು, ಹೆಲ್ಮೆಟ್, ಬೆಂಕಿ ತಡೆಯುವ ಉಡುಪು, ಕುತ್ತಿಗೆ ಹಿಡಿಯುವ ಹ್ಯಾನ್ಸ್. ರೋಲ್ ಕೇಜ್ ವಿಷಯದಲ್ಲಿ ಮಾತ್ರ ಉಳಿತಾಯದ ಮಾತೇ ಬೇಡ. ಚಾಲಕನ ಹಿಂದಿನ ಮುಖ್ಯ ಕಮಾನಿಗೆ ಅಂತರರಾಷ್ಟ್ರೀಯ ನಿಯಮ ಹೇಳುವುದು 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ ಬೆಸುಗೆಯಿಲ್ಲದ ಉಕ್ಕಿನ ಪೈಪು. ಇಲ್ಲವೇ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪ. ನೀರಿನ ಪೈಪು ಬಗ್ಗಿಸಿ ಬಣ್ಣ ಬಳಿದ ಕೇಜ್ ಪಲ್ಟಿ ಹೊಡೆದಾಗ ಮಡಚಿಕೊಂಡು ಒಳಗಿದ್ದವರ ಮೇಲೆಯೇ ಬರುತ್ತದೆ. ಗಟ್ಟಿ ಕೇಜ್ ಇರುವ ಕಾರನ್ನು ಹೆಲ್ಮೆಟ್ ಇಲ್ಲದೆ ಊರೊಳಗೆ ಓಡಿಸುವುದೂ ಅಷ್ಟೇ ಅಪಾಯ. ಸಣ್ಣ ಡಿಕ್ಕಿಗೂ ತಲೆ ಉಕ್ಕಿಗೇ ಬಡಿಯುತ್ತದೆ.

ಕಾನೂನೂ ಅದನ್ನೇ ಹೇಳುತ್ತದೆ. ಆರ್‌ಸಿಯಲ್ಲಿರುವ ಮೂಲ ಸ್ವರೂಪ ಬದಲಿಸಿದ ವಾಹನಕ್ಕೆ ರಸ್ತೆಯಲ್ಲಿ ಜಾಗವಿಲ್ಲ ಎಂಬುದನ್ನು 2019ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸ್ಪಷ್ಟಪಡಿಸಿತು. ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಾಮೂಲಿ ವಿಮೆ ರೇಸಿನ ಹಾನಿಗೆ ಬರುವುದಿಲ್ಲ. ಪೂರ್ತಿ ರೇಸ್ ಕಾರು ಮಾಡಿದ ದಿನದಿಂದ ಅದು ಚೆನ್ನೈಗೆ ಹೋಗುವುದು ಲಾರಿಯ ಬೆನ್ನ ಮೇಲೆ. ಆ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ರಾತ್ರಿ ಹೊತ್ತು ರಿಂಗ್ ರೋಡಿನಲ್ಲಿ ವೇಗದ ಚಟ ತೀರಿಸಿಕೊಳ್ಳುವ ಹುಡುಗರ ಬಗ್ಗೆ ನನಗೆ ಕೋಪಕ್ಕಿಂತ ಸಂಕಟವೇ ಹೆಚ್ಚು. ಅವರ ಆಸೆಗೆ ಸರಿಯಾದ ಜಾಗವೊಂದಿದೆ, ಅದು ಒಂದು ಬೆಳಗಿನ ಪ್ರಯಾಣದಷ್ಟೇ ದೂರ.

ಅಲ್ಲಿಗೆ ಹೋಗಲು ಸಾಮಾನ್ಯ ಡಿಎಲ್ ಸಾಲದು. ದೇಶದ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ ಎಫ್‌ಎಂಎಸ್‌ಸಿಐ ಕೊಡುವ ಸ್ಪರ್ಧಾ ಲೈಸೆನ್ಸ್ ಬೇಕು, ವೈದ್ಯರ ಸರ್ಟಿಫಿಕೇಟ್ ಬೇಕು. ಅದಕ್ಕೂ ಮೊದಲು ಟ್ರ್ಯಾಕ್ ತರಬೇತಿಯೊಂದಕ್ಕೆ ಸೇರುವುದು ನನ್ನ ಪ್ರಕಾರ ಅತಿ ಲಾಭದ ಖರ್ಚು. ಎಂಜಿನ್ ಮುಟ್ಟದ ಕಾರಿನಲ್ಲೇ ಸೇರಿ. ಮುಂದಿನ ಚಕ್ರಗಳೇ ಎಳೆಯುವ ಸಣ್ಣ ಕಾರು ಅಲ್ಲಿ ತನ್ನ ಗುಣ ತೋರಿಸುತ್ತದೆ. ತಿರುವಿಗೆ ವೇಗ ಹೆಚ್ಚಾದರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮೂತಿ ಹೊರಗೇ ಜಾರುತ್ತದೆ. ಗಾಬರಿಯಾಗಿ ಆಕ್ಸಿಲರೇಟರ್ ತಟ್ಟನೆ ಬಿಟ್ಟಿರೋ, ಭಾರವೆಲ್ಲ ಮುಂದಕ್ಕೆ ಬಂದು ಹಿಂಬದಿ ಸುತ್ತಿಕೊಳ್ಳುತ್ತದೆ. ಬ್ರೇಕ್ ನೇರದಲ್ಲೇ ಮುಗಿಸಿ, ತಾಳ್ಮೆಯಿಂದ ತಿರುಗಿ, ಹೊರಬರುವಾಗ ನಿಧಾನವಾಗಿ ಕಾಲು ಒತ್ತುವುದು ಅಭ್ಯಾಸದಿಂದಷ್ಟೇ ಕಾಲಿಗೆ ಬರುತ್ತದೆ.

ಬಾವುಟಗಳೂ ಬಾಯಿಪಾಠ ಆಗಿರಬೇಕು. ಹಳದಿ ಕಂಡರೆ ಮುಂದೆ ಅಪಾಯ, ಯಾರನ್ನೂ ದಾಟಬಾರದು. ಕೆಂಪಾದರೆ ರೇಸ್ ನಿಂತಿದೆ. ನಿಮ್ಮ ನಂಬರ್ ಜೊತೆ ಕಪ್ಪು ಕಂಡರೆ ಪಿಟ್‌ಗೆ ಬರಲೇಬೇಕು. ಮೊದಲ ರೇಸಿನಲ್ಲಿ ಹೆಚ್ಚಾಗಿ ಕಾಣುವುದು ನೀಲಿ: ಹಿಂದೆ ನಿಮಗಿಂತ ಒಂದು ಲ್ಯಾಪ್ ಮುಂದಿರುವವನು ಬಂದಿದ್ದಾನೆ. ದಾರಿ ಬಿಡಬೇಕೆಂದು ಗಡಬಡಿಸಿ ಪಕ್ಕಕ್ಕೆ ಎಳೆದರೆ ಅವನು ಬರುವ ಕಡೆಗೇ ಹೋಗಿ ಡಿಕ್ಕಿಯಾಗುವ ಸಂಭವ ಹೆಚ್ಚು. ನೀವು ಹಿಡಿದ ಲೈನನ್ನೇ ಹಿಡಿದಿರಿ, ಕನ್ನಡಿ ನೋಡುತ್ತಿರಿ, ನೇರದಲ್ಲಿ ಕಾಲು ಸ್ವಲ್ಪ ಸಡಿಲಿಸಿ. ದಾಟುವ ಜಾಗ ಅವನೇ ಆರಿಸಿಕೊಳ್ಳುತ್ತಾನೆ. ಅವನು ಮುಂದೆ ಹೋದ ಮೇಲೆ ಬೆನ್ನು ಬಿಡಬೇಡಿ. ಎಲ್ಲಿ ಬ್ರೇಕ್ ಹಿಡಿಯುತ್ತಾನೆ, ತಿರುವಿನ ಒಳ ಅಂಚಿಗೆ ಎಷ್ಟು ತಡವಾಗಿ ಇಳಿಯುತ್ತಾನೆ ಎಂಬುದನ್ನು ಕಾಣುವಷ್ಟು ಹತ್ತಿರ ಎರಡು ತಿರುವು ಉಳಿದುಕೊಂಡರೂ ನಿಮ್ಮ ಮುಂದಿನ ಲ್ಯಾಪಿಗೆ ಬೇಕಾದದ್ದು ಸಿಕ್ಕಿರುತ್ತದೆ.